ಬಾಣಂತಿ ಕಿಟ್, ನೀರೆರೆಯುವ ಅಜ್ಜಿ, ಐರನ್ ಡ್ರಿಪ್, ಫಿಸಿಯೋ: ಗರ್ಭಕೋಶದ ಬಾಯಿ ಹರಿದವಳ ರಿವ್ಯೂ

ಕಿಟ್‌ಗೆ ಐದಕ್ಕೆ ಎರಡು ಸ್ಟಾರ್. ಅದರಲ್ಲಿ ಒಂದೂವರೆ ಆ ಬಗ್ಗಿದ ಮೂತಿಯ ಬಾಟಲಿಗೆ, ಅರ್ಧ ದೊಡ್ಡ ಪ್ಯಾಡ್‌ಗಳಿಗೆ. ಉಳಿದದ್ದೆಲ್ಲ ಪೆಟ್ಟಿಗೆ ತುಂಬಿಸೋಕೆ ಹಾಕಿದ್ದು.

ನಾದಿನಿ ಪ್ರೀತಿಯಿಂದ ಆನ್‌ಲೈನ್‌ನಲ್ಲಿ ತರಿಸಿಕೊಟ್ಟಿದ್ದಳು. ಗುಲಾಬಿ ಬಣ್ಣದ ಪೆಟ್ಟಿಗೆ, ಮೇಲೆ ನಗುವ ತಾಯಿ, ಕೆಳಗೆ ನಾರ್ಮಲ್ ಹೆರಿಗೆ ಆದವರಿಗೆ ಬೇಕಾದ್ದೆಲ್ಲ ಇದರಲ್ಲೇ ಇದೆ ಅನ್ನೋ ಅರ್ಥದ ಬರಹ. ನಾನು ಆಸ್ಪತ್ರೆ ಮಂಚದ ಮೇಲೆ ಮಲಗಿಕೊಂಡೇ ಅದರ ರಿವ್ಯೂಗಳನ್ನೆಲ್ಲ ಓದಿದೆ. ಎಲ್ಲರೂ ಹೊರಗಿನ ಹೊಲಿಗೆ ಬಗ್ಗೆಯೇ ಬರೆದಿದ್ದರು, ಅಂದರೆ ಮಗು ಬರೋಕೆ ಜಾಗ ಸಾಲದೆ ಕತ್ತರಿ ಹಾಕುತ್ತಾರಲ್ಲ, ಅದು. ನನಗೂ ಅದು ಆಗಿತ್ತು, ಆದರೆ ದೊಡ್ಡ ಗಾಯ ಅದಲ್ಲ. ನನ್ನದು ಒಳಗೆ, ಗರ್ಭಕೋಶದ ಬಾಯಲ್ಲಿ. ಡಾಕ್ಟರುಗಳು ಸರ್ವಿಕ್ಸ್ ಅನ್ನುತ್ತಾರೆ. ಅದು ಹರಿದವರು ಏನು ಕೊಳ್ಳಬೇಕು, ಯಾರ ಹತ್ತಿರ ಹೋಗಬೇಕು, ಯಾವುದಕ್ಕೆ ದುಡ್ಡು ದಂಡ ಅಂತ ಕನ್ನಡದಲ್ಲಿ ಒಂದು ಸಾಲೂ ಸಿಗಲಿಲ್ಲ. ಅದಕ್ಕೇ ಕಿಟ್ ರಿವ್ಯೂ ಬರೆಯೋಕೆ ಕೂತವಳು ಬಾಣಂತನದ ಎಲ್ಲ ಸಾಮಾನು, ಎಲ್ಲ ಸರ್ವಿಸ್ ಸೇರಿಸಿ ಬರೆಯುತ್ತಿದ್ದೇನೆ. ಉದ್ದ ಆಗುತ್ತೆ, ಮಗು ಮಲಗಿದಾಗ ಓದಿ.

ಆಗಿದ್ದು ಇಷ್ಟು. ತವರಿನ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ಹೆರಿಗೆ. ನೋವು ಶುರುವಾದ ಮೇಲೆ ಎಲ್ಲ ತುಂಬಾ ಬೇಗ ಬೇಗ ಆಯಿತು. ಒಳಗೆ ನೋಡಿದ ಸಿಸ್ಟರ್ "ಗರ್ಭಕೋಶದ ಬಾಯಿ ಪೂರ್ತಿ ತೆರೆದಿಲ್ಲ, ಇನ್ನೂ ಸ್ವಲ್ಪ ಅಂಚು ಇದೆ, ಈಗಲೇ ಮುಕ್ಕಬೇಡಿ, ಬಾಯಲ್ಲಿ ಉಸಿರು ಬಿಡಿ" ಅಂದರು. ಅದೇ ಹೊತ್ತಿಗೆ ತಲೆ ಹತ್ತಿರ ನಿಂತಿದ್ದ ಇನ್ನೊಬ್ಬರು "ಮುಕ್ಕಮ್ಮ, ಜೋರಾಗಿ ಮುಕ್ಕು" ಅಂತಿದ್ದರು. ಯಾರ ಮಾತು ಕೇಳೋದು? ದೇಹವೇ ತಳ್ಳುತ್ತಿತ್ತು. ಮಗು ಬಂತು, ಅತ್ತಿತು, ಚೆನ್ನಾಗಿತ್ತು. ಕಸವೂ, ಅಂದರೆ ಮಾಸುಚೀಲವೂ, ಪೂರ್ತಿ ಬಿತ್ತು. ರಕ್ತ ಮಾತ್ರ ನಿಲ್ಲಲಿಲ್ಲ.

ಇಲ್ಲಿ ನನ್ನ ಮೊದಲ ಐದು ಸ್ಟಾರ್ ಇದೆ, ಅದು ಒಂದು ಪ್ಲಾಸ್ಟಿಕ್ ಹಾಳೆಗೆ. ಸುಮ್ನೆ ಹೇಳುತ್ತಿಲ್ಲ. ಮಗು ಬಂದ ಕೂಡಲೇ ಸೊಂಟದ ಕೆಳಗೆ ಒಂದು ಹಾಳೆ ಜಾರಿಸಿದರು. ಅದರ ತುದಿ ಮಂಚದಿಂದ ಕೆಳಗೆ ಇಳಿಬಿದ್ದ ಚೀಲದ ಹಾಗೆ, ಮೇಲೆ ಅಗಲ, ಕೆಳಗೆ ಸಣ್ಣ, ಮೈಮೇಲೆ ಅಳತೆ ಗೆರೆಗಳು. ಬಿದ್ದ ರಕ್ತವೆಲ್ಲ ಅಲ್ಲಿ ಸೇರುತ್ತೆ. ಸಿಸ್ಟರ್ ಬಗ್ಗಿ ನೋಡಿ "ಮೇಡಂ, ಐನೂರು ದಾಟಿತು" ಅಂದರು. ಆ ಒಂದು ಮಾತಿಗೆ ಇಡೀ ರೂಮಿನ ನಡಿಗೆ ಬದಲಾಯಿತು. ನಾರ್ಮಲ್ ಹೆರಿಗೆಯಲ್ಲಿ 500 ಮಿಲಿಲೀಟರ್ ದಾಟಿದರೆ ಅತಿ ರಕ್ತಸ್ರಾವ ಅಂತ ಲೆಕ್ಕ. ಈ ಹಾಳೆ ಇಲ್ಲದಿದ್ದರೆ ಬಟ್ಟೆ, ನೆಲ, ಬಕೆಟ್ ನೋಡಿ ಕಣ್ಣಂದಾಜಲ್ಲಿ ಹೇಳಬೇಕು.

ಆಮೇಲೆ ಹುಡುಕಿ ನೋಡಿದರೆ ಇದು ನಮ್ಮ ಬೆಳಗಾವಿಗೆ ಸಂಬಂಧಪಟ್ಟ ಸಾಮಾನು! ಅಲ್ಲಿನ ಜವಾಹರಲಾಲ್ ನೆಹರು ಮೆಡಿಕಲ್ ಕಾಲೇಜಿನ ಡಾಕ್ಟರುಗಳು ಅಮೆರಿಕದ ತಂಡದ ಜೊತೆ ಸೇರಿ ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ ಹೆರಿಗೆ ರಕ್ತಸ್ರಾವದ ಮೇಲೆ ದೊಡ್ಡ ಅಧ್ಯಯನ ಮಾಡಿದರು. 1,620 ಹೆಂಗಸರು ಅದರಲ್ಲಿದ್ದರು, ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂತು. ಅದರಲ್ಲಿ ರಕ್ತ ಅಳೆಯೋಕೆ ಬಳಸಿದ್ದು ಇಂಥದೇ ಅಳತೆ ಚೀಲದ ಹಾಳೆ. ಕಣ್ಣಂದಾಜು ಮತ್ತು ಹಾಳೆ ಎರಡನ್ನೂ ಹೋಲಿಸಿ ಬೆಳಗಾವಿಯಲ್ಲೇ ಮಾಡಿದ ಬೇರೊಂದು ಅಧ್ಯಯನದಲ್ಲಿ ಕಣ್ಣಂದಾಜಿನ ಲೆಕ್ಕ ಸುಮಾರು ಮೂರನೇ ಒಂದು ಭಾಗ ಕಡಿಮೆ ಬಂದಿತ್ತು. ಆಫ್ರಿಕಾದ ನಾಲ್ಕು ದೇಶಗಳಲ್ಲಿ ನಡೆದು 2023ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಹಾಳೆಯಲ್ಲಿ ಅಳೆದು ತಕ್ಷಣ ಎಲ್ಲ ಚಿಕಿತ್ಸೆ ಒಟ್ಟಿಗೆ ಶುರು ಮಾಡಿದ ಆಸ್ಪತ್ರೆಗಳಲ್ಲಿ ಪ್ರಾಣಕ್ಕೇ ಬರುವಂಥ ರಕ್ತಸ್ರಾವ ಮತ್ತು ಅದರ ಕೆಟ್ಟ ಪರಿಣಾಮಗಳು 60 ಶೇಕಡಾ ಕಡಿಮೆಯಾದವು. ಹೆರಿಗೆಗೆ ಆಸ್ಪತ್ರೆ ನೋಡೋಕೆ ಹೋದಾಗ ಎಲ್ಲರೂ ಎಸಿ ರೂಮು, ಟಿವಿ, ಫೋಟೋಶೂಟ್ ಕೇಳುತ್ತಾರೆ. ನೀವು "ರಕ್ತ ಅಳೆಯೋ ಹಾಳೆ ಹಾಕುತ್ತೀರಾ, ರಕ್ತ ಬೇಕಾದರೆ ಎಲ್ಲಿಂದ ತರಿಸುತ್ತೀರಿ" ಅಂತ ಎರಡೇ ಪ್ರಶ್ನೆ ಕೇಳಿ. ಉತ್ತರ ಕೊಡೋ ರೀತಿಯಲ್ಲೇ ಗೊತ್ತಾಗುತ್ತೆ.

ಹೆರಿಗೆ ಆದ ಮೇಲೆ ರಕ್ತ ಜಾಸ್ತಿ ಹೋಗೋದಕ್ಕೆ ಹೆಚ್ಚಿನ ಸಲ ಕಾರಣ ಗರ್ಭಕೋಶ ಗಟ್ಟಿಯಾಗಿ ಮುದುಡಿಕೊಳ್ಳದೇ ಇರೋದು. ಹಾಗಾಗಿ ಮೊದಲು ಹೊಟ್ಟೆ ಒತ್ತಿ ನೋಡುತ್ತಾರೆ, ಇಂಜೆಕ್ಷನ್ ಕೊಡುತ್ತಾರೆ. ನನ್ನದು ಕಲ್ಲಿನ ಹಾಗೆ ಗಟ್ಟಿ ಇತ್ತು, ಆದರೂ ಕೆಂಪು ಕೆಂಪು ರಕ್ತ ಒಂದೇ ಸಮ ಹರೀತಾ ಇತ್ತು. ಆಗ ಡಾಕ್ಟರಮ್ಮ "ಎಲ್ಲೋ ಹರಿದಿದೆ, ಲೈಟ್ ಹಾಕಿ" ಅಂದರು. ಮಗು ಹೊರಗೆ ಬರೋಕೆ ಗರ್ಭಕೋಶದ ಬಾಯಿ 10 ಸೆಂಟಿಮೀಟರ್ ತೆರೆಯಬೇಕು. ಸಣ್ಣ ಪುಟ್ಟ ಸೀಳು ಎಷ್ಟೋ ಜನಕ್ಕೆ ಆಗುತ್ತೆ, ರಕ್ತ ಬರದಿದ್ದರೆ ಯಾರಿಗೂ ಗೊತ್ತಾಗೋದೇ ಇಲ್ಲ, ತಾನೇ ಮಾಯುತ್ತೆ. ದೊಡ್ಡದಾಗಿ ಹರಿಯೋದು ಕಡಿಮೆ. ತುಂಬಾ ಬೇಗ ಹೆರಿಗೆ ಆದರೆ, ಪೂರ್ತಿ ತೆರೆಯೋಕೆ ಮುಂಚೆ ಮುಕ್ಕಿದರೆ, ಮಗುವನ್ನು ಎಳೆಯೋಕೆ ಫೋರ್ಸೆಪ್ಸ್ ಅಥವಾ ವ್ಯಾಕ್ಯೂಮ್ ಹಾಕಿದರೆ ಸಾಧ್ಯತೆ ಜಾಸ್ತಿ.

ಒಟಿಗೆ, ಅಂದರೆ ಆಪರೇಷನ್ ಥಿಯೇಟರಿಗೆ ಕರೆದುಕೊಂಡು ಹೋದರು. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿದ್ದರು, ನೋವಿರಲಿಲ್ಲ, ಮಾತೆಲ್ಲ ಕೇಳಿಸುತ್ತಿತ್ತು. ಇಬ್ಬರು ಎರಡೂ ಕಡೆ ಸಾಧನ ಹಿಡಿದು ಜಾಗ ಮಾಡಿಕೊಟ್ಟರು. ಡಾಕ್ಟರಮ್ಮ ಗರ್ಭಕೋಶದ ಬಾಯಿಯ ಅಂಚನ್ನು ಉಂಗುರದ ಮೂತಿಯ ಇಕ್ಕಳದಲ್ಲಿ ಹಿಡಿದು, ಒಂದು ಬಿಟ್ಟು ಇನ್ನೊಂದು ಹಿಡಿದು, ಗಡಿಯಾರದ ಸುತ್ತು ನೋಡಿಕೊಂಡು ಬಂದರು. "ಮೂರು ಗಂಟೆಗೆ ಇದೆ." ಟೈಲರ್ ಹರಿದ ಬಟ್ಟೆ ಹೊಲಿಯುವಾಗ ಹರಿದ ತುದಿಗಿಂತ ಸ್ವಲ್ಪ ಆಚೆಯಿಂದಲೇ ಹೊಲಿಗೆ ಶುರು ಮಾಡುತ್ತಾನಲ್ಲ, ಇಲ್ಲೂ ಹಾಗೇ. ಸೀಳಿನ ಮೇಲ್ತುದಿ ಸಿಗಬೇಕು, ಅದರ ಆಚೆ ಮೊದಲ ಹೊಲಿಗೆ ಬೀಳಬೇಕು, ಇಲ್ಲದಿದ್ದರೆ ಒಳಗೆ ಎಳೆದುಕೊಂಡ ರಕ್ತನಾಳ ಸುರಿಯುತ್ತಲೇ ಇರುತ್ತೆ. ತಾನೇ ಕರಗುವ ದಾರ. ಆಮೇಲೆ ಒಳಗೆ ಗಾಜ್ ಬಟ್ಟೆ ತುಂಬಿ, ಮೂತ್ರಕ್ಕೆ ಪೈಪ್ ಹಾಕಿ ವಾರ್ಡಿಗೆ ಕಳಿಸಿದರು. ಮಾರನೇ ದಿನ ಸಿಸ್ಟರ್ ಗಾಜ್ ಎಳೆದಾಗ ಆ ಪಟ್ಟಿ ಬರ್ತಾ ಇದೆ, ಬರ್ತಾ ಇದೆ, ಮುಗಿಯೋದೇ ಇಲ್ಲ. ನಾನೂ ಅವರೂ ಇಬ್ಬರೂ ನಕ್ಕುಬಿಟ್ಟೆವು.

ಆಸ್ಪತ್ರೆಯ ಕೈಕೆಲಸಕ್ಕೆ ಐದು ಸ್ಟಾರ್. ಕಾಗದದ ಕೆಲಸಕ್ಕೆ ಒಂದು, ಅದೂ ಮೊಹರು ಚೆನ್ನಾಗಿ ಬಿದ್ದಿತ್ತು ಅಂತ. ಡಿಸ್ಚಾರ್ಜ್ ಸಮ್ಮರಿಯಲ್ಲಿ ಏನಿತ್ತು ಗೊತ್ತಾ? ಎಫ್‌ಟಿಎನ್‌ಡಿ ವಿತ್ ಆರ್‌ಎಂಎಲ್‌ಇ. ಅಂದರೆ ತಿಂಗಳು ತುಂಬಿ ನಾರ್ಮಲ್ ಹೆರಿಗೆ, ಬಲಗಡೆಗೆ ಕತ್ತರಿ ಹಾಕಿದೆ. ಅಷ್ಟೇ! ಸರ್ವಿಕ್ಸ್ ಹರಿದಿದ್ದು ಇಲ್ಲ, ಒಟಿಗೆ ಹೋಗಿದ್ದು ಇಲ್ಲ. ಬಿಲ್ಲಿನಲ್ಲಿ ಮಾತ್ರ ಒಟಿ ಚಾರ್ಜು, ಎರಡು ಯೂನಿಟ್ ರಕ್ತ, ಅರಿವಳಿಕೆ ಡಾಕ್ಟರ ಫೀಸು ಎಲ್ಲ ಸಾಲಾಗಿ ಇತ್ತು. ಬಿಲ್ ಬರೆಯೋರಿಗೆ ನೆನಪಿದ್ದದ್ದು ಸಮ್ಮರಿ ಟೈಪ್ ಮಾಡೋರಿಗೆ ನೆನಪಿಲ್ಲ.

ಇದು ಯಾಕೆ ಮುಖ್ಯ ಅಂದರೆ, ಹೊರಗಿನ ಗಾಯ ಕಣ್ಣಿಗೆ ಕಾಣುತ್ತೆ, ಯಾವ ಡಾಕ್ಟರ್ ನೋಡಿದರೂ ಗೊತ್ತಾಗುತ್ತೆ. ಇದು ಕಾಣೋದಿಲ್ಲ. ನೋಯೋದೂ ಇಲ್ಲ! ಚರ್ಮಕ್ಕೆ ಗಾಯವಾದಾಗ ಆಗುವಂಥ ಉರಿ ಗರ್ಭಕೋಶದ ಬಾಯಿಗೆ ಅಷ್ಟಾಗಿ ಗೊತ್ತಾಗಲ್ಲ. ಅದು ಹಿಗ್ಗಿದಾಗ ನೋಯುತ್ತೆ, ಹೆರಿಗೆ ಆದವರಿಗೆ ಅದು ಹೇಳಬೇಕಾಗಿಲ್ಲ. ನನಗೆ ಕೂತರೆ ಉರೀತಾ ಇದ್ದದ್ದು ಹೊರಗಿನ ಸಣ್ಣ ಹೊಲಿಗೆ. ಪ್ರಾಣಕ್ಕೆ ಬಂದಿದ್ದ ದೊಡ್ಡ ಹೊಲಿಗೆ ತೆಪ್ಪಗಿತ್ತು. ಹಾಗಾಗಿ ಆ ಗಾಯ ಇತ್ತು ಅನ್ನೋದಕ್ಕೆ ಕಾಗದ ಒಂದೇ ಸಾಕ್ಷಿ. ನನ್ನ ಗಂಡ ಹೋಗಿ ರೆಕಾರ್ಡ್ಸ್ ಸೆಕ್ಷನ್‌ನಲ್ಲಿ ಪೂರ್ತಿ ಕೇಸ್ ಶೀಟಿನ ಜೆರಾಕ್ಸ್ ಕೇಳಿದಾಗ "ಅದೆಲ್ಲ ಕೊಡಲ್ಲ ಸರ್" ಅಂದರು. ಕೊಡಬೇಕು. 2002ರ ವೈದ್ಯಕೀಯ ಪರಿಷತ್ತಿನ ನಿಯಮದ ಪ್ರಕಾರ ಒಳರೋಗಿಯ ದಾಖಲೆ ಮೂರು ವರ್ಷ ಇಟ್ಟಿರಬೇಕು, ರೋಗಿ ಅಥವಾ ಅವರ ಪರವಾಗಿ ಬಂದವರು ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ನಾನು ಸಹಿ ಮಾಡಿದ ಅರ್ಜಿ ಬರೆದುಕೊಟ್ಟು, ಸ್ವೀಕರಿಸಿದ ಸೀಲು ಹಾಕಿಸಿಕೊಂಡ ಮೇಲೆ ಎಲ್ಲ ಕೊಟ್ಟರು, ಜೆರಾಕ್ಸ್ ದುಡ್ಡು ತಗೊಂಡು. ಅದರಲ್ಲಿ ಡಾಕ್ಟರಮ್ಮನ ಕೈಬರಹದಲ್ಲಿ ಎಲ್ಲ ಇತ್ತು, ಎಲ್ಲಿ ಹರಿದಿತ್ತು, ಎಷ್ಟು ರಕ್ತ ಹೋಯಿತು, ಯಾವ ದಾರ. ಆ ಪುಟ ಈಗ ಲ್ಯಾಮಿನೇಟ್ ಆಗಿ ತಾಯಿ ಕಾರ್ಡಿನ ಜೊತೆ ಫೈಲಿನಲ್ಲಿದೆ.

ಈಗ ಕಿಟ್.

ಬಗ್ಗಿದ ಮೂತಿಯ ಬಾಟಲಿ: ಉಚ್ಚೆ ಹೊಯ್ಯುವಾಗ ಹೊರಗಿನ ಹೊಲಿಗೆ ಮೇಲೆ ಉಗುರು ಬೆಚ್ಚಗಿನ ನೀರು ಬಿಟ್ಟುಕೊಂಡರೆ ಉರಿ ಗೊತ್ತಾಗಲ್ಲ. ತಲೆಕೆಳಗೆ ಹಿಡಿದರೂ ನೀರು ಬರುತ್ತೆ, ಬಗ್ಗಬೇಕಾಗಿಲ್ಲ. ಒಳ್ಳೆಯ ಸಾಮಾನು. ಇದೊಂದನ್ನೇ ಬೇರೆ ಕೊಳ್ಳಬಹುದು. ಜೆಟ್ ಸ್ಪ್ರೇ ಬಳಸೋ ಮನಸ್ಸಿದ್ದರೆ ಆ ಒತ್ತಡ ಬೇಡ, ಚೊಂಬು ಸಾಕು. ಒಳಗೆ ನೀರು ಬಿಟ್ಟು ತೊಳೆಯೋಕೆ ಮಾತ್ರ ಹೋಗಬೇಡಿ.

ಕಮೋಡ್ ಮೇಲೆ ಕೂರಿಸುವ ಬೇಸಿನ್: ಬಿಸಿನೀರಿನಲ್ಲಿ ಕೂರೋಕೆ. ತವರಲ್ಲಿ ಇಂಡಿಯನ್ ಟಾಯ್ಲೆಟ್. ನೆಲದ ಮೇಲೆ ಇಟ್ಟು ಕೂತರೆ ಎಬ್ಬಿಸೋಕೆ ಇಬ್ಬರು ಬೇಕು, ರಕ್ತ ಕಡಿಮೆ ಇದ್ದ ನನಗೆ ಏಳುವಾಗ ಕಣ್ಣು ಕತ್ತಲೆ ಬೇರೆ. ಹೊರಗಿನ ಹೊಲಿಗೆಗೆ ಹಿತ ಇರಬಹುದು, ಒಳಗಿನ ಹೊಲಿಗೆಗೂ ಇದಕ್ಕೂ ಏನೂ ಸಂಬಂಧ ಇಲ್ಲ. ಈಗ ಅದರಲ್ಲಿ ಮಗುವಿನ ಲಂಗೋಟಿ ನೆನೆಹಾಕುತ್ತೇವೆ.

ರಿಂಗ್ ದಿಂಬು: ಗಾಳಿ ತುಂಬೋದು. ನಾನು ಕೂತರೆ ಒಂದು ಕಡೆ ವಾಲುತ್ತೆ. ಹಾಲು ಕುಡಿಸುವಾಗ ಕೂರೋಕೆ ಮಂಚ, ಬೆನ್ನಿಗೆ ಎರಡು ತಲೆದಿಂಬು, ಅಷ್ಟೇ ಬೇಕಾದ್ದು.

ಹೊಟ್ಟೆ ಬೆಲ್ಟ್: ಅಮ್ಮನ ಹಳೇ ಕಾಟನ್ ಸೀರೆ ಇದಕ್ಕಿಂತ ಮೆತ್ತಗಿತ್ತು. ಎರಡೂ ತುಂಬಾ ಬಿಗಿ ಕಟ್ಟಿದರೆ ಕೆಳಗೆ ಭಾರ ಬಿದ್ದ ಹಾಗಾಗುತ್ತೆ. ಹೊಟ್ಟೆ ಕರಗುತ್ತೆ ಅಂತ ಯಾರಾದರೂ ಹೇಳಿದರೆ ನಕ್ಕು ಸುಮ್ಮನಾಗಿ.

ಆಮೇಲೆ ಗಿಡಮೂಲಿಕೆ ಪುಡಿಯ ಪೊಟ್ಟಣಗಳು. ಕುದಿಯುವ ನೀರಿಗೆ ಹಾಕಿ ಅದರ ಹಬೆ ಕೆಳಗೆ ತಗೊಳ್ಳಬೇಕಂತೆ, ಗರ್ಭಕೋಶ ಶುದ್ಧ ಆಗುತ್ತಂತೆ. ಇದಕ್ಕೆ ಸೊನ್ನೆ.  ಹಬೆ ಗರ್ಭಕೋಶದ ತನಕ ಹೋಗೋದಿಲ್ಲ, ಚರ್ಮ ಸುಡುತ್ತೆ. ಹಸಿ ಹೊಲಿಗೆ ಇರೋ ಹೆಂಗಸಿಗೆ ಇದನ್ನು ಪೆಟ್ಟಿಗೆಗೆ ಹಾಕಿ ಮಾರೋರಿಗೆ ಏನನ್ನಬೇಕು?

ನೀರೆರೆಯುವ ಅಜ್ಜಿಯ ಸರ್ವಿಸ್ ಬಗ್ಗೆ ಬರೆಯದಿದ್ದರೆ ಅಮ್ಮ ಮನೆಗೆ ಸೇರಿಸಲ್ಲ. ನಮ್ಮ ಕಡೆ ಬಾಣಂತಿಗೆ ಹಂಡೆ ನೀರು ಕಾಯಿಸಿ, ಎಣ್ಣೆ ಹಚ್ಚಿ, ಹೊಟ್ಟೆ ಮೇಲೆ, ಸೊಂಟದ ಮೇಲೆ ಚೊಂಬಿನಲ್ಲಿ ರಪ ರಪ ಅಂತ ಎರೆಯುತ್ತಾರೆ. ಅಮ್ಮ ಮೊದಲೇ ಡಾಕ್ಟರಮ್ಮನನ್ನು ಕೇಳಿದ್ದಳು. ಸ್ನಾನಕ್ಕೆ ಅಡ್ಡಿ ಇಲ್ಲ, ಕೈಗೆ ಹಿತವಾಗುವಷ್ಟು ಬಿಸಿ ಸಾಕು, ಹೊಟ್ಟೆ ಒತ್ತೋದು ಬೇಡ, ಒಳಗೆ ಎಣ್ಣೆ ಬಿಡೋದು ಬೇಡವೇ ಬೇಡ ಅಂದಿದ್ದರು. ಅಜ್ಜಿಗೆ ಹೇಳಿದರೆ ಮುಖ ಸಣ್ಣದು ಮಾಡಿಕೊಂಡಿತು. "ಎಷ್ಟು ಬಾಣಂತಿಯರಿಗೆ ಎರೆದಿದ್ದೀನಿ ತಾಯಿ, ಒಬ್ಬಳಿಗೂ ಏನೂ ಆಗಿಲ್ಲ." ಅಮ್ಮ ಬಿಡಲಿಲ್ಲ. "ಇವಳಿಗೆ ಒಳಗೆ ಹೊಲಿಗೆ ಹಾಕಿದ್ದಾರೆ ಅಜ್ಜಿ, ರಕ್ತ ಏರಿಸಿ ಉಳಿಸಿಕೊಂಡಿದ್ದೀವಿ" ಅಂದ ಮೇಲೆ ಅಜ್ಜಿಯ ಕೈ ಮೆತ್ತಗಾಯಿತು. ಕಾಲು, ಬೆನ್ನು, ಹೆಗಲು ಉಜ್ಜಿದ್ದು ಮಾತ್ರ ಸ್ವರ್ಗ. ಸ್ನಾನ ಆದಮೇಲೆ ನಿದ್ದೆ ಬರುತ್ತಿತ್ತಲ್ಲ, ಆ ನಿದ್ದೆಗೆ ಬೆಲೆ ಕಟ್ಟೋಕೆ ಆಗಲ್ಲ. ನಾಲ್ಕು ಸ್ಟಾರ್. ಒಂದು ಕಡಿಮೆ ಯಾಕೆ ಅಂದರೆ ಸಾಂಬ್ರಾಣಿ ಹೊಗೆ. ಮಗುವಿಗೆ ಕೆಮ್ಮು, ನನಗೆ ಕಣ್ಣುರಿ.

ಅಜ್ಜಿಯ ಇನ್ನೊಂದು ಹುಕುಂ, ಬಾಣಂತಿಗೆ ನೀರು ಜಾಸ್ತಿ ಕೊಡಬಾರದು ಅಂತ. ಇದನ್ನು ಕೇಳಬೇಡಿ. ಹಾಲು ಕುಡಿಸೋಳಿಗೆ ಬಾಯಾರಿಕೆ ಆಗುತ್ತೆ, ಕುಡೀರಿ. ಐರನ್ ಮಾತ್ರೆಗೆ ಮೊದಲೇ ಮಲ ಗಟ್ಟಿ ಆಗುತ್ತೆ, ನೀರೂ ಇಲ್ಲದಿದ್ದರೆ ಆ ತಿಣುಕಾಟ ಹೊಲಿಗೆ ಇರೋರಿಗೆ ನರಕ. ನನ್ನ ಇಡೀ ಬಾಣಂತನದಲ್ಲಿ ದುಡ್ಡಿಗೆ ಅತಿ ಹೆಚ್ಚು ಲಾಭ ಕೊಟ್ಟ ವಸ್ತು ಯಾವುದು ಅಂದರೆ ಡಾಕ್ಟರಮ್ಮ ಬರೆದುಕೊಟ್ಟ, ಮಲ ಮೆತ್ತಗೆ ಮಾಡೋ ಲ್ಯಾಕ್ಟುಲೋಸ್ ಸಿರಪ್. ಅದಕ್ಕೆ ಗುಲಾಬಿ ಪೆಟ್ಟಿಗೆ ಇಲ್ಲ, ಆದರೂ ಐದು ಸ್ಟಾರ್.

ಈ ಗಾಯದಲ್ಲಿ ನಿಜವಾಗಿ ಸುಧಾರಿಸಿಕೊಳ್ಳಬೇಕಾದದ್ದು ರಕ್ತ. ಹೊಲಿಗೆ ಚೆನ್ನಾಗಿ ಬಿದ್ದಿದ್ದರೆ ಗರ್ಭಕೋಶದ ಬಾಯಿ ತನ್ನ ಪಾಡಿಗೆ ತಾನು ಮಾಯುತ್ತೆ, ಅದಕ್ಕೆ ನೀವು ಹೊರಗಿನಿಂದ ಹಚ್ಚೋದು, ಕಟ್ಟೋದು ಏನೂ ಇಲ್ಲ. ಆದರೆ ಹೋದ ರಕ್ತ ತಾನಾಗಿ ಬೇಗ ಬರಲ್ಲ. ಒಂದು ಯೂನಿಟ್ ರಕ್ತ ಏರಿಸಿದರೆ ಹಿಮೋಗ್ಲೋಬಿನ್ ಸುಮಾರು ಒಂದು ಗ್ರಾಂ ಏರುತ್ತೆ ಅಷ್ಟೇ. ಎರಡು ಯೂನಿಟ್ ಆದ ಮೇಲೂ ನಾನು ಎಂಟರ ಆಸುಪಾಸಿನಲ್ಲಿದ್ದೆ. ಮಗುವನ್ನು ಎತ್ತಿಕೊಂಡು ಬಾಗಿಲ ತನಕ ನಡೆದರೆ ಎದೆ ಡವಡವ. ಎಲ್ಲರೂ "ಬಾಣಂತಿ ಸುಸ್ತು" ಅಂದರು. ಅದು ಬಾಣಂತಿ ಸುಸ್ತಲ್ಲ, ರಕ್ತಹೀನತೆ. ಅದಕ್ಕೆ ಐರನ್ ಡ್ರಿಪ್ ಹಾಕಿದರು, ಫೆರಿಕ್ ಕಾರ್ಬಾಕ್ಸಿಮಾಲ್ಟೋಸ್ ಅಂತ, ಕಾಫಿ ಬಣ್ಣದ ಔಷಧಿ. ಸಲೈನ್ ಬಾಟಲಿಗೆ ಹಾಕಿ ನಿಧಾನಕ್ಕೆ ಬಿಡುತ್ತಾರೆ, ಅರ್ಧ ಗಂಟೆಯೊಳಗೆ ಮುಗಿಯುತ್ತೆ, ಆಮೇಲೆ ಸ್ವಲ್ಪ ಹೊತ್ತು ಕೂರಿಸಿ ಅಲರ್ಜಿ ಏನಾದರೂ ಆಗುತ್ತಾ ಅಂತ ನೋಡುತ್ತಾರೆ. ಸೂಜಿ ಸರಿಯಾಗಿ ನರದಲ್ಲಿರಬೇಕು, ಹೊರಗೆ ಸೋರಿದರೆ ಚರ್ಮದ ಮೇಲೆ ಕಂದು ಕಲೆ ನಿಂತುಬಿಡುತ್ತೆ. ಉರಿ ಅನಿಸಿದರೆ ತಕ್ಷಣ ಕೂಗಿ ಹೇಳಿ, ಸಂಕೋಚ ಬೇಡ. ದುಬಾರಿ. ಆದರೆ ಕೆಲವು ವಾರಕ್ಕೆ ಮೆಟ್ಟಿಲು ಹತ್ತುವಂತಾದೆ. ಐದು ಸ್ಟಾರ್.

ಡ್ರಿಪ್ ಬೇಕಾಗದವರಿಗೆ ಮಾತ್ರೆ ಸಾಕು. ಸರ್ಕಾರಿ ಲೆಕ್ಕದಲ್ಲಿ ಹೆರಿಗೆ ಆದ ಮೇಲೆ 180 ದಿನ ತಗೊಳ್ಳಬೇಕು, ಆಶಾ ಅಕ್ಕನ ಹತ್ತಿರ, ಪಿಎಚ್‌ಸಿಯಲ್ಲಿ ಪುಕ್ಕಟೆ ಸಿಗುತ್ತೆ. ಕ್ಯಾಲ್ಸಿಯಂ ಮಾತ್ರೆಯ ಜೊತೆಗೇ ನುಂಗಬೇಡಿ, ಕಾಫಿ ಟೀ ಜೊತೆಗಂತೂ ಬೇಡ, ನಿಂಬೆಹಣ್ಣಿನ ಪಾನಕದ ಜೊತೆ ಒಳ್ಳೆಯದು. ಅಳ್ವಿ ಪಾಯಸ, ಅಂಟಿನುಂಡೆ, ಸಬ್ಬಸಿಗೆ ಸೊಪ್ಪು ಎಲ್ಲ ತಿನ್ನಿ, ನಾನೂ ಚೆನ್ನಾಗಿ ತಿಂದೆ. ದೊಡ್ಡಮ್ಮ ಮಾಡಿ ಕಳಿಸಿದ ಅಂಟಿನುಂಡೆಯ ಮುಂದೆ ಅಂಗಡಿಯದು ಏನೂ ಅಲ್ಲ. ಆದರೆ ಉಂಡೆ ತಿಂದು ಎಂಟರಿಂದ ಹನ್ನೆರಡಕ್ಕೆ ಹೋಗ್ತೀನಿ ಅಂತ ಮಾತ್ರೆ ಬಿಟ್ಟರೆ ಆಗಲ್ಲ.

ಬೆಂಗಳೂರಿಗೆ ವಾಪಸ್ ಬಂದ ಮೇಲೆ ಪೆಲ್ವಿಕ್ ಫ್ಲೋರ್ ಫಿಸಿಯೋ ಹತ್ತಿರ ಹೋದೆ. ಅಂದರೆ ಮೂತ್ರಕೋಶ, ಗರ್ಭಕೋಶವನ್ನೆಲ್ಲ ಕೆಳಗಿನಿಂದ ಹಿಡಿದುಕೊಂಡಿರೋ ಸ್ನಾಯುಗಳಿಗೆ ವ್ಯಾಯಾಮ ಹೇಳಿಕೊಡೋರು. ಒಂದು ಸೆಷನ್‌ಗೆ ಸಾವಿರದ ಮೇಲೆ, ಕಡಿಮೆಯೇನಲ್ಲ. ಸೀನಿದರೆ ಉಚ್ಚೆ ಜಿನುಗುತ್ತಿತ್ತು, ಹೊರಗಿನ ಹೊಲಿಗೆ ಜಾಗ ಬಿಗೀತಾ ಇತ್ತು. ಆಕೆ ಮೊದಲು ಕೇಳಿದ್ದೇ ಕಾಗದ. ಆ ಪುಟ ಓದಿ ನೇರವಾಗಿ ಹೇಳಿದರು: "ಸರ್ವಿಕ್ಸ್ ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಮೇಡಂ, ಅದಕ್ಕೆ ವ್ಯಾಯಾಮ ಇಲ್ಲ. ಡಾಕ್ಟರ್ ಒಳಗೆ ನೋಡಿ ಮಾದಿದೆ ಅಂದಮೇಲೆ ಬನ್ನಿ, ಉಳಿದದ್ದಕ್ಕೆ ನಾನಿದ್ದೀನಿ." ಆ ಪ್ರಾಮಾಣಿಕತೆಗೆ ಅಲ್ಲೇ ಐದು ಸ್ಟಾರ್. ನನ್ನ ಸ್ನೇಹಿತೆಗೆ ಇನ್ನೊಂದು ಕಡೆ ಎಲ್ಲ ವಾಸಿ ಮಾಡ್ತೀವಿ ಅಂತ ಹೇಳಿ ಪ್ಯಾಕೇಜ್ ಕಟ್ಟಿಸಿಕೊಂಡಿದ್ದರು.

ಡಾಕ್ಟರ್ ನೋಡಿದ ಮೇಲೆ ಹೋದೆ. ಒಳಗೆ ಕೈ ಇಟ್ಟು ಪರೀಕ್ಷೆ ಮಾಡೋಕೆ ಮುಂಚೆ ಯಾಕೆ, ಏನು ಅಂತ ಹೇಳಿ, ಒಪ್ಪಿಗೆ ಕೇಳಿ, "ಬೇಡ ಅನಿಸಿದರೆ ಅರ್ಧಕ್ಕೇ ನಿಲ್ಲಿಸ್ತೀನಿ" ಅಂದರು. ಹೆರಿಗೆ ರೂಮಿನಲ್ಲಿ ಯಾರು ಯಾರೋ ಕೈ ಹಾಕಿ ಹೋದ ಮೇಲೆ ಆ ಮಾತು ಕೇಳಿ ಅಳು ಬಂತು. ಯೂಟ್ಯೂಬ್ ನೋಡಿ ಕೀಗಲ್, ಅಂದರೆ ಆ ಕೆಳಗಿನ ಸ್ನಾಯುಗಳನ್ನು ಎಳೆದು ಬಿಡೋ ವ್ಯಾಯಾಮ, ಮಾಡೋರಿಗೆ ಒಂದು ಮಾತು: ಉಸಿರು ಹಿಡಿಯಬಾರದು, ಕುಂಡೆ ಬಿಗಿ ಮಾಡಬಾರದು, ಎಳೆದ ಮೇಲೆ ಪೂರ್ತಿ ಸಡಿಲ ಬಿಡಬೇಕು. ಕೆಲವರಿಗೆ ಸ್ನಾಯು ಸಡಿಲ ಅಲ್ಲ, ಬಿಗಿಯಾಗಿರೋದೇ ತೊಂದರೆ. ಅವರು ಕೀಗಲ್ ಮಾಡಿದಷ್ಟೂ ನೋವು ಜಾಸ್ತಿ. ಇದನ್ನು ಯೂಟ್ಯೂಬ್ ಹೇಳಲ್ಲ.

ಈಗ ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದ ಸರ್ವಿಸ್. ಬೆಂಗಳೂರಿನ ಒಂದು ಸಣ್ಣ ಕ್ಲಿನಿಕ್, ಒಬ್ಬರೇ ಹೆಣ್ಣು ಡಾಕ್ಟರ್, ರಿಸೆಪ್ಷನ್‌ನಲ್ಲಿ ಹೂವಿನ ಕುಂಡವೂ ಇಲ್ಲ. ಆರು ವಾರ ಕಳೆದ ಮೇಲಿನ ತಪಾಸಣೆ ಅಂದರೆ ಸಾಮಾನ್ಯವಾಗಿ ಬಿಪಿ ನೋಡಿ, ಮಗು ಹೇಗಿದೆ ಕೇಳಿ, ಕಾಪರ್ ಟಿ ಹಾಕಿಸ್ತೀರಾ ಅಂತ ಕೇಳಿ ಕಳಿಸುತ್ತಾರೆ. ಇವರು ಕೇಸ್ ಶೀಟ್ ಪುಟ ಓದಿ, ಸ್ಪೆಕ್ಯುಲಮ್, ಅಂದರೆ ಒಳಗೆ ಅಗಲಿಸಿ ನೋಡೋ ಸಾಧನ, ಹಾಕಿ ಗರ್ಭಕೋಶದ ಬಾಯಿಯನ್ನು ಕಣ್ಣಾರೆ ನೋಡಿದರು. ಆಮೇಲೆ ಚೀಟಿಯ ಹಿಂಬದಿಯಲ್ಲಿ ಪೆನ್ನಿನಲ್ಲಿ ಒಂದು ದುಂಡು ಗೆರೆ ಎಳೆದು, ನಡುವೆ ಅಡ್ಡ ಸೀಳು ಬರೆದು, ಮೂರು ಗಂಟೆಯ ಜಾಗದಲ್ಲಿ ಒಂದು ಸಣ್ಣ ಕಚ್ಚು ತೋರಿಸಿದರು. "ಹೆರಿಗೆಗೆ ಮುಂಚೆ ಇದು ದುಂಡಗಿನ ಚುಕ್ಕೆ ಇರುತ್ತೆ, ನಾರ್ಮಲ್ ಹೆರಿಗೆ ಆದವರಿಗೆ ಹೀಗೆ ಅಡ್ಡಗೆರೆ ಆಗುತ್ತೆ, ಅದು ಗಾಯ ಅಲ್ಲ. ನಿಮ್ಮದರಲ್ಲಿ ಹೆಚ್ಚಿಗೆ ಇರೋದು ಈ ಕಚ್ಚು ಮಾತ್ರ. ಮಾದಿದೆ." ಅಷ್ಟು ದಿನದಿಂದ ನನ್ನೊಳಗೆ ಏನಾಗಿದೆ ಅಂತ ಒಬ್ಬರೂ ತೋರಿಸಿರಲಿಲ್ಲ.

ಕೇಳಿದ ಪ್ರಶ್ನೆಗೆಲ್ಲ ಬೇಸರ ಇಲ್ಲದೆ ಹೇಳಿದರು. ಗಂಡನ ಜೊತೆ ಸೇರೋದು ಗಾಯ ಮಾದಿದ ಮೇಲೆ, ನಿಮಗೆ ಮನಸ್ಸು ಬಂದಾಗ. ಆಮೇಲೆ ಪ್ರತಿ ಸಲ ರಕ್ತ ಕಾಣಿಸಿದರೆ ಬಂದು ತೋರಿಸಿ. ಮುಂದಿನ ಬಸಿರು ನಿಂತ ಕೂಡಲೇ ಈ ಕಾಗದ ತೋರಿಸಿ, ನಾಲ್ಕನೇ ತಿಂಗಳಿಂದ ಒಳಗಿನ ಸ್ಕ್ಯಾನಿಂಗ್‌ನಲ್ಲಿ ಬಾಯಿಯ ಉದ್ದ ಅಳೆಯುತ್ತೇವೆ. 25 ಮಿಲಿಮೀಟರಿಗಿಂತ ಕಡಿಮೆ ಬಂದರೆ, ದಿನ ತುಂಬೋ ಮುಂಚೆ ಬಾಯಿ ತೆರೆಯದ ಹಾಗೆ ಹೊಲಿಗೆ ಹಾಕೋ ಯೋಚನೆ ಮಾಡೋಣ, ಒಂದು ಸಲ ಹರಿದ ಮಾತ್ರಕ್ಕೆ ಎಲ್ಲರಿಗೂ ಹೊಲಿಗೆ ಹಾಕಲ್ಲ. ಬಸುರಿಯ ಗರ್ಭಕೋಶದ ಬಾಯಿಗೆ ಹಾಕುವ ಆ ಹೊಲಿಗೆಯ ಒಂದು ವಿಧಾನಕ್ಕೆ ಮುಂಬೈನ ಡಾ. ವಿ.ಎನ್. ಶಿರೋಡ್ಕರ್ ಹೆಸರಿದೆ, 1955ರಲ್ಲಿ ಅವರು ಅದನ್ನು ಪ್ರಕಟಿಸಿದ್ದು, ಈಗಲೂ ಪ್ರಪಂಚದ ಎಲ್ಲ ಕಡೆ ಹಾಕುತ್ತಾರೆ ಅಂತಲೂ ಹೇಳಿದರು. ಪಾಠ ಮಾಡೋ ಅಭ್ಯಾಸ ಇರೋ ಡಾಕ್ಟರು, ನನಗಿಷ್ಟ ಆಯಿತು. ಇವೆಲ್ಲವನ್ನೂ ಫೈಲಿನಲ್ಲಿ ಬರೆದು ಸಹಿ ಹಾಕಿಕೊಟ್ಟರು.

ತಪಾಸಣೆ ತನಕ ಕಾಯಬಾರದ ವಿಷಯಗಳು ಬೇರೆ. ಒಂದು ಗಂಟೆಯಲ್ಲಿ ದೊಡ್ಡ ಪ್ಯಾಡ್ ನೆನೆದುಹೋದರೆ, ದೊಡ್ಡ ಗಡ್ಡೆ ಬಿದ್ದರೆ, ಜ್ವರ ಬಂದರೆ, ಸ್ರಾವ ಕೆಟ್ಟ ವಾಸನೆ ಹೊಡೆದರೆ, ತಲೆ ತಿರುಗಿ ಬಿದ್ದರೆ, ಆಗಲೇ ಹೊರಡಿ, ರಾತ್ರಿ ಅಂತ ನೋಡಬೇಡಿ. ಹೆರಿಗೆ ಆಗಿ ವಾರಗಳಾದ ಮೇಲೂ ರಕ್ತಸ್ರಾವ ಆಗಬಹುದು. ಗಾಡಿ ಇಲ್ಲದಿದ್ದರೆ 108.

ಇನ್ನೊಂದು ಸರ್ವಿಸ್, ಇದಕ್ಕೆ ದುಡ್ಡಿಲ್ಲ. ಟೆಲಿ ಮಾನಸ್, ಮನಸ್ಸಿನ ಆರೋಗ್ಯಕ್ಕೆ ಸರ್ಕಾರದ ಫೋನ್ ಸಹಾಯವಾಣಿ, ನಂಬರ್ 14416, ನಮ್ಮ ನಿಮ್ಹಾನ್ಸ್ ಮುಂದೆ ನಿಂತು ನಡೆಸೋದು. ಮನೆಯಲ್ಲಿ ಎಲ್ಲರೂ "ನಾರ್ಮಲ್ ಆಯ್ತಲ್ಲ, ಪುಣ್ಯ ಮಾಡಿದ್ದೆ" ಅನ್ನುವಾಗ ನನಗೆ ಕಣ್ಣು ಮುಚ್ಚಿದರೆ ಆ ಒಟಿ ಲೈಟು. ನಿದ್ದೆ ಇಲ್ಲ. ಗಂಡ ಫೋನ್ ಹಚ್ಚಿಕೊಟ್ಟರು, ಕನ್ನಡದಲ್ಲೇ ಮಾತಾಡಿದರು, ಆ ಕಡೆ ಇದ್ದ ಹುಡುಗಿ ಮಧ್ಯೆ ಬಾಯಿ ಹಾಕದೆ ಪೂರ್ತಿ ಕೇಳಿದಳು. ಒಂದು ಫೋನಿಗೆ ಎಲ್ಲ ಸರಿಹೋಗಲಿಲ್ಲ. ಆದರೆ ಇದು ಹುಚ್ಚಲ್ಲ, ಇದಕ್ಕೆ ಔಷಧ, ಮಾತು ಎರಡೂ ಇದೆ ಅಂತ ಗೊತ್ತಾಗಿ ಮುಂದೆ ಎಲ್ಲಿಗೆ ಹೋಗಬೇಕು ಅಂತ ತಿಳೀತು. ನಾಲ್ಕೂವರೆ ಸ್ಟಾರ್. ಅರ್ಧ ಹೋಗಿದ್ದು ಶುರುವಿನಲ್ಲಿ ಲೈನ್ ಕಟ್ ಆಯಿತು ಅಂತ.

ಆ ಸಣ್ಣ ಕ್ಲಿನಿಕ್ ಯಾವುದು ಅಂತ ಕೇಳಿದವರಿಗೆ ಮೆಸೇಜ್ ಮಾಡುತ್ತೇನೆ. ಶನಿವಾರ ಹೋಗಬೇಡಿ, ಕಾಲಿಡೋಕೆ ಜಾಗ ಇರಲ್ಲ. ಪಾರ್ಕಿಂಗ್ ಇಲ್ಲ, ಆಟೋದಲ್ಲಿ ಹೋಗೋದು ಮೇಲು. ಕಾರ್ಡ್ ತಗೊಳ್ಳಲ್ಲ, ಯುಪಿಐ ಇದೆ. ಮಗುವಿಗೆ ಹಾಲು ಕುಡಿಸೋಕೆ ಒಳಗೆ ಒಂದು ಸಣ್ಣ ರೂಮಿದೆ, ಬೀಗ ಹಾಕಿರುತ್ತಾರೆ, ರಿಸೆಪ್ಷನ್ ಅಕ್ಕನನ್ನು ಕೇಳಿದರೆ ತೆಗೆದುಕೊಡುತ್ತಾರೆ. ಫ್ಯಾನ್ ಸ್ವಿಚ್ ಬಾಗಿಲ ಹಿಂದೆ ಇದೆ.